ಬಾಚಣಿಗೆಯ ಕೂದಲು ಹೇಳುವ ಮಾತು
(ಹೆಂಗಸರ ತಲೆಗೂದಲು ಉದುರುವುದರ ಕಾರಣ ಮತ್ತು ಚಿಕಿತ್ಸೆ)



ತೆಂಗಿನ ಮರದ ಎಳೆಕಾಯಿ ಒಂದೇ ಸಮನೆ ಉದುರತೊಡಗಿದರೆ ನೀವು ಸುಮ್ಮನಿರುವುದಿಲ್ಲ. ಬುಡ ಬಿಡಿಸಿ ನೋಡುತ್ತೀರಿ. ನೀರು ನಿಂತಿದೆಯೇ, ಗೊಬ್ಬರ ಸಾಲದೇ, ಹುಳು ಬಿದ್ದಿದೆಯೇ ಎಂದು ವಿಚಾರಿಸುತ್ತೀರಿ. ಆದರೆ ಅದೇ ಮನೆಯ ಗೃಹಿಣಿಯ ತಲೆಗೂದಲು ಹಿಡಿ ಹಿಡಿಯಾಗಿ ಉದುರಿದಾಗ ನಾವು ಮಾಡುವುದೇನು? ಪೇಟೆಗೆ ಹೋದವರ ಕೈಯಲ್ಲಿ ಒಂದು ಎಣ್ಣೆಯ ಸೀಸೆ ತರಿಸುತ್ತೇವೆ. ಅದು ಮುಗಿದರೆ ಇನ್ನೊಂದು. ಬುಡ ನೋಡುವವರು ಕಡಿಮೆ.

ಕೂದಲು ಉದುರುವುದು ಬರಿಯ ಅಂದಚಂದದ ವಿಷಯವೆಂದು ಗಂಡಸರು ನಕ್ಕು ಬಿಡುವುದುಂಟು. ಹೆಂಗಸರಾದರೋ ನಾಚಿಕೆಯಿಂದ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಎರಡೂ ತಪ್ಪು. ಅನೇಕ ಸಂದರ್ಭಗಳಲ್ಲಿ ಉದುರುವ ಕೂದಲು ದೇಹದೊಳಗಿನ ಯಾವುದೋ ಕೊರತೆಯ ಅಥವಾ ಕಾಯಿಲೆಯ ಸೂಚನೆ. ಆ ಸೂಚನೆಯನ್ನು ಓದಲು ಕಲಿತರೆ ಕೂದಲಿಗಿಂತ ದೊಡ್ಡದೊಂದನ್ನು, ಎಂದರೆ ಆ ಹೆಂಗಸಿನ ಆರೋಗ್ಯವನ್ನು, ಉಳಿಸಿಕೊಳ್ಳಬಹುದು. ಆದುದರಿಂದ ಈ ಪಾಠವನ್ನು ಮನೆಯ ಗಂಡಸರೂ ಹೆಂಗಸರೂ ಒಟ್ಟಿಗೆ ಓದಬೇಕು.

ಕೂದಲಿನ ಬೆಳೆ

ನಮ್ಮ ಜಿಲ್ಲೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಭತ್ತದ ಮೂರು ಬೆಳೆಗಳಿವೆ. ಒಂದು ಬೈಲಿನ ಗದ್ದೆಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೊಯ್ಲಿಗೆ ಬರುತ್ತವೆ. ತಲೆಗೂದಲು ಹಾಗಲ್ಲ. ಒಂದೊಂದು ಕೂದಲಿಗೂ ಅದರದೇ ಕಾಲ. ಒಂದು ಕೂದಲು ಎರಡರಿಂದ ಆರು ವರ್ಷಗಳ ತನಕ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆಮೇಲೆ ಅದರ ಬೇರು ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆಯುತ್ತದೆ. ಕೊನೆಗೆ ಹಳೆಯ ಕೂದಲು ಉದುರಿ, ಅದೇ ಗುಳಿಯಿಂದ ಹೊಸದು ಮೊಳೆಯುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ತಲೆಯಲ್ಲಿ ಸುಮಾರು 1,00,000 ಕೂದಲುಗಳಿವೆ ಎನ್ನೋಣ. ಅವುಗಳಲ್ಲಿ ಹತ್ತರಲ್ಲೊಂದು ಪಾಲು, ಎಂದರೆ 10,000 ಕೂದಲು, ಯಾವಾಗಲೂ ವಿಶ್ರಾಂತಿಯಲ್ಲಿರುತ್ತದೆ. ವಿಶ್ರಾಂತಿಯ ಕಾಲ ಸುಮಾರು 100 ದಿನ. ಹಾಗಾದರೆ ದಿನಕ್ಕೆ 100 ಕೂದಲು ಉದುರಿದರೂ ಅದು ಸಹಜವೇ ಸರಿ. ದಿನಕ್ಕೆ 50ರಿಂದ 100ರ ವರೆಗೆ ಉದುರಿದರೆ ಯಾರೂ ಅಂಜಬೇಕಾಗಿಲ್ಲ. ಎರಡು ಮೂರು ದಿನಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಅಂದು ಹೆಚ್ಚು ಕೂದಲು ಬಂದಂತೆ ಕಾಣುವುದೂ ಸಹಜ. ಅದು ಆ ದಿನಗಳ ಒಟ್ಟು ಲೆಕ್ಕ.

ದೇಹಕ್ಕೆ ದೊಡ್ಡದೊಂದು ಪೆಟ್ಟು ಬಿದ್ದಾಗ ಈ ಲೆಕ್ಕ ತಪ್ಪುತ್ತದೆ. ದೇಹವು ಇರುವ ಶಕ್ತಿಯನ್ನು ಹೃದಯ, ಮಿದುಳು ಮೊದಲಾದ ಮುಖ್ಯ ಅಂಗಗಳಿಗೆ ಮೀಸಲಿಟ್ಟು, ಕೂದಲಿನ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. 10,000ದ ಬದಲು 30,000 ಬೇರುಗಳು ಒಮ್ಮೆಗೇ ವಿಶ್ರಾಂತಿಗೆ ಹೋದವೆನ್ನಿ. ಆಗ ದಿನಕ್ಕೆ 300 ಕೂದಲು ಉದುರುತ್ತದೆ. ಆದರೆ ಗಮನಿಸಿ: ಅದು ಅಂದೇ ಉದುರುವುದಿಲ್ಲ, ಎರಡು ಮೂರು ತಿಂಗಳು ಕಳೆದ ಮೇಲೆ ಉದುರುತ್ತದೆ.

ಮೂರು ತಿಂಗಳ ಹಿಂದೆ ಏನಾಗಿತ್ತು?

ಈ ಅಂತರವೇ ಜನರನ್ನು ದಾರಿ ತಪ್ಪಿಸುತ್ತದೆ. ಆಟಿ ತಿಂಗಳಲ್ಲಿ ಜ್ವರ ಬಂದು ಹೋದವಳಿಗೆ ನವರಾತ್ರಿ, ದೀಪಾವಳಿಯ ಹೊತ್ತಿಗೆ ಕೂದಲು ಉದುರುತ್ತದೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ. ಮೊನ್ನೆ ಬದಲಿಸಿದ ಸಾಬೂನಿಗೋ, ಶಾಂಪುವಿಗೋ, ಯಾರದೋ ಕಣ್ಣುದೃಷ್ಟಿಗೋ ದೋಷ ಹೊರಿಸಲಾಗುತ್ತದೆ. ಮಲೇರಿಯ, ಡೆಂಗೆ ನಮ್ಮ ಕರಾವಳಿಗೆ ಹೊಸತಲ್ಲ. 2019ರ ಮಳೆಗಾಲದಲ್ಲಿ ಮಂಗಳೂರು ನಗರದಲ್ಲಿ ಡೆಂಗೆ ಬಹಳವಾಗಿ ಹರಡಿತ್ತು. 2020 ಮತ್ತು 2021ರಲ್ಲಿ ಕೋವಿಡ್ ಬಂದು ಗುಣವಾದವರಲ್ಲಿಯೂ ಅನೇಕರಿಗೆ ಎರಡು ಮೂರು ತಿಂಗಳ ಬಳಿಕ ಕೂದಲು ಉದುರಿತು.

ಹಳ್ಳಿಯಿಂದ ಮಂಗಳೂರಿಗೆ ಓದಲು ಹೋದ ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: "ಮಂಗಳೂರಿನ ನೀರು ಹಿಡಿಸಲಿಲ್ಲ, ಕೂದಲೆಲ್ಲ ಹೋಯಿತು." ನಗರದ ನಳ್ಳಿಯಲ್ಲಿ ಬರುವುದು ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ ತಂದು ಶುದ್ಧಿ ಮಾಡಿದ ನೇತ್ರಾವತಿಯ ನೀರು. ಗಡಸು ನೀರಾಗಲಿ ಕ್ಲೋರಿನ್ ಬೆರೆಸಿದ ನೀರಾಗಲಿ ಕೂದಲನ್ನು ಒರಟು ಮಾಡೀತು, ತುದಿ ಮುರಿಯುವಂತೆ ಮಾಡೀತು. ಬೇರು ಸಹಿತ ಕಿತ್ತು ಹಾಕುವುದಿಲ್ಲ. ಆ ಹುಡುಗಿ ಬೆಳಗ್ಗೆ ತಿಂಡಿ ಬಿಟ್ಟು ಬಸ್ಸಿಗೆ ಓಡುತ್ತಿದ್ದಾಳೆಯೇ, ತೆಳ್ಳಗಾಗಬೇಕೆಂದು ಊಟ ಕಡಿಮೆ ಮಾಡಿದ್ದಾಳೆಯೇ, ಪರೀಕ್ಷೆಯ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದಾಳೆಯೇ ಎಂದು ಮೊದಲು ವಿಚಾರಿಸಿರಿ.

ಹೆರಿಗೆಯ ಲೆಕ್ಕವೂ ಇದೇ. ಗರ್ಭಿಣಿಯಾಗಿರುವಾಗ ಕೂದಲು ಉದುರುವುದು ಕಡಿಮೆ. ಹೆತ್ತ ಎರಡರಿಂದ ನಾಲ್ಕು ತಿಂಗಳಲ್ಲಿ ಆ ಬಾಕಿಯೆಲ್ಲ ಒಟ್ಟಿಗೆ ಉದುರುತ್ತದೆ. ಮಗು ತಾಯಿಯ ಮುಖ ನೋಡಿ ನಗಲು ಕಲಿಯುವ ಸಮಯವೂ ಅದೇ ಆಗಿರುವುದರಿಂದ "ಮಗು ನಕ್ಕರೆ ತಾಯಿಯ ಕೂದಲು ಉದುರುತ್ತದೆ" ಎಂದು ಭಾವಿಸುವವರಿದ್ದಾರೆ. ಮಗುವಿನ ನಗುವಿಗೂ ಕೂದಲಿಗೂ ಸಂಬಂಧವಿಲ್ಲ. ಮಗುವಿಗೆ ಒಂದು ವರ್ಷ ತುಂಬುವಾಗ ಬಹುಮಂದಿ ತಾಯಂದಿರ ಕೂದಲು ತಾನಾಗಿಯೇ ಸರಿಹೋಗುತ್ತದೆ.

ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಇವುಗಳ ಬಳಿಕ ಉದುರಿದ ಕೂದಲು ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಂತು ಮರಳಿ ಬರುತ್ತದೆ. ಹಣೆಯಂಚಿನಲ್ಲಿ ಮೋಟು ಕೂದಲುಗಳು ಎದ್ದು ನಿಂತರೆ ಅದು ಹೊಸ ಬೆಳೆ, ಹೆದರಬೇಡಿ. ಆದರೆ ಆರು ತಿಂಗಳಾದರೂ ನಿಲ್ಲದಿದ್ದರೆ ಬೇರೆ ಕಾರಣವನ್ನು ಹುಡುಕತಕ್ಕದ್ದು.

ರಕ್ತದ ಕೊರತೆ

ಹುಡುಕುವಾಗ ಮೊದಲು ನೋಡಬೇಕಾದುದು ರಕ್ತವನ್ನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಎಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲೊಬ್ಬಳು. ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಕಡಿಮೆಯಾದರೆ ಆಯಾಸ, ಏದುಸಿರು, ಎದೆ ಬಡಿತ, ಮುಖ ಬಿಳಿಚಿಕೊಳ್ಳುವುದು ಇತ್ಯಾದಿಗಳು ಕಾಣಿಸುತ್ತವೆ. ಕೂದಲು ಉದುರುವುದಕ್ಕೂ ಅದು ಕಾರಣವಾಗಬಲ್ಲದು. ಕೆಲವರು ಆಯಾಸವನ್ನು ಕೆಲಸದ ಮೇಲೆ ಹಾಕಿ ವರ್ಷಗಟ್ಟಲೆ ಸಹಿಸುತ್ತಾರೆ. ಕೂದಲು ಉದುರಿದ ಮೇಲಷ್ಟೆ ಎಚ್ಚರಗೊಳ್ಳುತ್ತಾರೆ.

ಹೆಂಗಸರಿಗೇ ಈ ಕೊರತೆ ಹೆಚ್ಚು ಏಕೆ? ತಿಂಗಳು ತಿಂಗಳೂ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಗರ್ಭ, ಹೆರಿಗೆಗಳಲ್ಲಿ ಇನ್ನಷ್ಟು ಖರ್ಚಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ತಿಳಿಸಿದ ಪ್ರಮಾಣದಂತೆ ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು. ಹೆಂಗಸಿಗೆ 29 ಮಿಲಿಗ್ರಾಂ ಬೇಕು. ಹೆಚ್ಚು ಬೇಕಾದವಳು ಅವಳು. ಆದರೆ ಮನೆಯವರೆಲ್ಲ ಉಂಡ ಮೇಲೆ, ಮೀನಿನ ಸಾರಿನ ತಳ ಉಳಿದಿದ್ದರೆ ಅದರಲ್ಲಿ ಗಂಜಿ ಉಣ್ಣುವವಳೂ ಅವಳೇ. ಈ ಲೆಕ್ಕ ಸರಿಯಾಗದೆ ಯಾವ ಎಣ್ಣೆಯಿಂದಲೂ ಪ್ರಯೋಜನವಿಲ್ಲ.

ಮುಟ್ಟು ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಗಡ್ಡೆ ಗಡ್ಡೆಯಾಗಿ ಹೋಗುವುದು, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಗುವುದು ಸಹಜವಲ್ಲ. "ನನ್ನ ತಾಯಿಗೂ ಹೀಗೆಯೇ ಇತ್ತು" ಎಂದು ಸುಮ್ಮನಿರದೆ ವೈದ್ಯರಿಗೆ ಹೇಳಬೇಕು. ಕೊಕ್ಕೆಹುಳುವಿನ ಬಾಧೆಯೂ ರಕ್ತವನ್ನು ಹೀರುತ್ತದೆ. ಇದರ ಮರಿಗಳು ಮಲದಿಂದ ಕೆಟ್ಟ ಒದ್ದೆ ಮಣ್ಣಿನಲ್ಲಿದ್ದು ಬರಿಗಾಲಿನ ಚರ್ಮದ ಮೂಲಕ ಒಳಸೇರುತ್ತವೆ. ತೋಟಕ್ಕೆ ಇಳಿಯುವಾಗ ಚಪ್ಪಲಿ ಹಾಕಿಕೊಳ್ಳುವುದು, ಪಾಯಿಖಾನೆಯನ್ನೇ ಬಳಸುವುದು, ವೈದ್ಯರ ಸಲಹೆಯಂತೆ ಹುಳದ ಮಾತ್ರೆ ತೆಗೆದುಕೊಳ್ಳುವುದು ಇದಕ್ಕೆ ಉಪಾಯ.

ಊಟದಲ್ಲಿ ಏನಿರಬೇಕು?

ದುಬಾರಿ ವಸ್ತುಗಳು ಬೇಡ. ಹುರುಳಿ, ಹೆಸರು, ಅಲಸಂಡೆ ಮುಂತಾದ ಕಾಳುಗಳು. ಹರಿವೆ, ಬಸಳೆ, ನುಗ್ಗೆ ಸೊಪ್ಪುಗಳು ಹಿತ್ತಿಲಲ್ಲೇ ಸಿಗುತ್ತವೆ. ತಿನ್ನುವವರಿಗೆ ಮೊಟ್ಟೆ, ಬೂತಾಯಿ, ಬಂಗುಡೆ ಉತ್ತಮ. ಕೂದಲು ಪ್ರೋಟೀನಿನಿಂದ ಆದುದು. ಕಾಳು, ಮೀನು, ಮೊಟ್ಟೆ, ಹಾಲು ಅದನ್ನು ಒದಗಿಸುತ್ತವೆ. ಮೀನು ಮಾಂಸಗಳ ಕಬ್ಬಿಣಾಂಶ ದೇಹಕ್ಕೆ ಬೇಗ ಹತ್ತುತ್ತದೆ. ಸೊಪ್ಪು ಕಾಳುಗಳದು ಹತ್ತಬೇಕಾದರೆ ಜೊತೆಗೆ ಲಿಂಬೆಹುಳಿ, ನೆಲ್ಲಿಕಾಯಿ, ಪೇರಳೆ ಇರಬೇಕು. ಊಟದೊಂದಿಗೆ ಚಹಾ, ಕಾಫಿ ಕುಡಿದರೆ ಕಬ್ಬಿಣಾಂಶ ವ್ಯರ್ಥವಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಬಾಣಂತಿಗೆ ಸೊಪ್ಪು ತಂಪು, ಮೊಟ್ಟೆ ನಂಜು ಎಂದು ತಡೆಯುವ ಮನೆಗಳಿವೆ. ರಕ್ತ ಕಳೆದುಕೊಂಡವಳಿಗೆ ಅವೇ ಬೇಕಾದುವು.

ರಕ್ತ ಕಡಿಮೆಯಾದ ಮೇಲೆ ಊಟವೊಂದೇ ಸಾಲದು, ಮಾತ್ರೆಯೂ ಬೇಕು. ಕಬ್ಬಿಣದ ಮಾತ್ರೆ ನುಂಗಿದಾಗ ಮಲ ಕಪ್ಪಾಗುತ್ತದೆ, ಅದರಿಂದ ಹಾನಿಯಿಲ್ಲ. ಹೊಟ್ಟೆ ತೊಳಸಿದರೆ ಮಾತ್ರೆಯನ್ನು ಬಿಡದೆ ವೈದ್ಯರನ್ನು ಕೇಳಿ. ರಕ್ತ ಸರಿಯಾದ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು. ದೇಹದ ಕಣಜ ತುಂಬಲು ಸಮಯ ಬೇಕಾಗುತ್ತದೆ. ಈ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮಕ್ಕಳು ಮಿಠಾಯಿಯೆಂದು ಹಲವನ್ನು ನುಂಗಿದರೆ ಪ್ರಾಣಾಪಾಯವುಂಟು.

ಇತರ ಕಾರಣಗಳು

ಕೂದಲು ಉದುರುವುದಕ್ಕೆಲ್ಲ ರಕ್ತಹೀನತೆಯೇ ಕಾರಣವಲ್ಲ. ಈ ಕೆಳಗಿನವನ್ನೂ ತಿಳಿದಿರಬೇಕು.

1. ಥೈರಾಯಿಡ್. ಕತ್ತಿನಲ್ಲಿರುವ ಈ ಗ್ರಂಥಿ ನಿಧಾನವಾದರೆ ಮೈ ತೂಕ ಏರುತ್ತದೆ, ಚಳಿ ತಡೆಯದು, ಮಲಬದ್ಧತೆ, ಮಂಕು, ಕೂದಲು ಉದುರುವುದು ಎಲ್ಲವೂ ಬರುತ್ತವೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ದಿನಕ್ಕೊಂದು ಮಾತ್ರೆಯಿಂದ ಹತೋಟಿಗೆ ಬರುತ್ತದೆ.

2. ಅಂಡಾಶಯದ ತೊಂದರೆ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಗದ್ದ ಮತ್ತು ತುಟಿಯ ಮೇಲೆ ಕೂದಲು ಬರುವುದು, ಮೊಡವೆ, ನೆತ್ತಿಯಲ್ಲಿ ಮಾತ್ರ ಕೂದಲು ತೆಳ್ಳಗಾಗುವುದು ಇದರ ಲಕ್ಷಣ. ವೈದ್ಯರು ಪಿ.ಸಿ.ಓ.ಎಸ್. ಎಂದು ಹೇಳುವುದು ಇದನ್ನೇ.

3. ವಂಶಪಾರಂಪರ್ಯ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ; ಹಣೆಯಂಚು ಹಾಗೆಯೇ ಉಳಿಯುತ್ತದೆ. ತಾನಾಗಿ ಸರಿಯಾಗುವುದಿಲ್ಲ. ಇದಕ್ಕೆ ಮಿನಾಕ್ಸಿಡಿಲ್ ಎಂಬ ಹಚ್ಚುವ ಔಷಧಿಯಿದೆ. ಮೊದಲ ಕೆಲವು ವಾರ ಕೂದಲು ಇನ್ನೂ ಹೆಚ್ಚು ಉದುರಬಹುದು. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಬಿಟ್ಟರೆ ಗಳಿಸಿದುದು ಮತ್ತೆ ಹೋಗುತ್ತದೆ. ಗರ್ಭಿಣಿಯರೂ ಹಾಲೂಡಿಸುವವರೂ ಬಳಸಬಾರದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ.

4. ಹುಳ ತಿಂದಂತೆ ಬೀಳುವ ಬೋಳು. ನಾಣ್ಯದಗಲ ನುಣ್ಣಗಾಗುತ್ತದೆ. ಯಾವ ಹುಳವೂ ತಿಂದಿರುವುದಿಲ್ಲ. ದೇಹದ ರಕ್ಷಣಾಶಕ್ತಿಯೇ ತಪ್ಪಿ ಕೂದಲಿನ ಬೇರನ್ನು ಶತ್ರುವೆಂದು ತಿಳಿದುಕೊಂಡಿರುತ್ತದೆ. ಇದು ಅಂಟುರೋಗವಲ್ಲ. ಚರ್ಮವೈದ್ಯರು ಆ ಜಾಗಕ್ಕೆ ಚುಚ್ಚುಮದ್ದು ಅಥವಾ ಲೇಪ ಕೊಡುತ್ತಾರೆ.

5. ಬಿಗಿ ಜಡೆ. ದಿನವೂ ಎಳೆದು ಬಿಗಿದ ಜಡೆ, ತುರುಬುಗಳಿಂದ ಹಣೆಯಂಚಿನ ಮತ್ತು ಕಿವಿಯ ಮೇಲಿನ ಕೂದಲು ಹೋಗುತ್ತದೆ. ಒಂದು ಚೆಂಡು ಮಲ್ಲಿಗೆ ಮುಡಿಯುವುದರಿಂದ ದೋಷವಿಲ್ಲ. ಅದಕ್ಕಾಗಿ ಬೇರು ನೋಯುವಂತೆ ಬಿಗಿಯುವುದರಲ್ಲಿ ದೋಷವಿದೆ. ಶಾಲೆಗೆ ಹೋಗುವ ಹುಡುಗಿಯರಿಗೆ ಜಡೆ ಹಾಕುವಾಗ ತಾಯಂದಿರು ನೆನಪಿಡಬೇಕು.

6. ಔಷಧಿಗಳು. ಬೇರೆ ಕಾಯಿಲೆಗಾಗಿ ತೆಗೆದುಕೊಳ್ಳುವ ಕೆಲವು ಔಷಧಿಗಳಿಂದಲೂ ಕೂದಲು ಉದುರೀತು. ಅವನ್ನು ತಾನಾಗಿ ನಿಲ್ಲಿಸಬಾರದು. ಕೊಟ್ಟ ವೈದ್ಯರಿಗೆ ತಿಳಿಸಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಉದುರಿದ ಕೂದಲನ್ನು ಬಿಳಿ ಬಟ್ಟೆಯ ಅಥವಾ ಕಪ್ಪು ಕಾಗದದ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಬಿಳಿಯ ಸಣ್ಣ ಗುಂಡಿಯಿದ್ದರೆ ಅದು ಬೇರಿನಿಂದ ಬಂದ ಕೂದಲು, ಕಾರಣ ದೇಹದೊಳಗಿರಬಹುದು. ಗುಂಡಿಯಿಲ್ಲದೆ ತುಂಡಾಗಿದ್ದರೆ ಅದು ನಡುವೆ ಮುರಿದದ್ದು. ಒದ್ದೆ ತಲೆಯನ್ನು ಬಾಚುವುದು, ಬಣ್ಣ, ಬಿಸಿ ಉಪಕರಣ ಮುಂತಾದವು ಕಾರಣವಿರಬಹುದು. ಅನಂತರ ಐವತ್ತರಷ್ಟು ಕೂದಲನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಮೆಲ್ಲನೆ ಎಳೆಯಿರಿ. ಐದಾರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರುವಿಕೆ ಹೆಚ್ಚಾಗಿದೆ ಎಂದು ತಿಳಿಯಬಹುದು. ತಿಂಗಳಿಗೊಮ್ಮೆ ಬೈತಲೆಯ ಚಿತ್ರವನ್ನು ಒಂದೇ ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದಿಟ್ಟರೆ ಹೆಚ್ಚಿತೋ ಕಡಿಮೆಯಾಯಿತೋ ತಿಳಿಯುತ್ತದೆ.

ಎಣ್ಣೆಯಿಂದ ಏನು ಪ್ರಯೋಜನ?

ತೆಂಗಿನೆಣ್ಣೆಯನ್ನು ನಾವು ದೂರುತ್ತಿಲ್ಲ. ಅದು ಕೂದಲಿನೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗದಂತೆ ಕಾಯುತ್ತದೆ. ಕೂದಲು ಮುರಿಯುವುದು ಕಡಿಮೆಯಾಗುತ್ತದೆ. ದಾಸವಾಳ ಎಲೆಯ ಗೊಂಪು, ಸೀಗೆಕಾಯಿಗಳಿಂದ ತಲೆ ಶುಚಿಯಾಗುತ್ತದೆ. ಆದರೆ ಹೊರಗೆ ಹಚ್ಚಿದ ಎಣ್ಣೆ ರಕ್ತಕ್ಕೆ ಕಬ್ಬಿಣ ಕೊಡದು, ಥೈರಾಯಿಡನ್ನು ಸರಿಪಡಿಸದು. ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆಂಬುದೂ ನಿಜವಲ್ಲ. ಬ್ಲೇಡು ಬೇರನ್ನು ಮುಟ್ಟುವುದೇ ಇಲ್ಲ.

ಏಳು ದಿನದಲ್ಲಿ ಕೂದಲು ಬೆಳೆಸುತ್ತೇವೆಂಬ ಜಾಹೀರಾತನ್ನು ಕಂಡರೆ ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ: ಕೂದಲು ಬೆಳೆಯುವುದು ತಿಂಗಳಿಗೆ 1 ಸೆಂಟಿಮೀಟರ್. ಬಯೋಟಿನ್ ಮಾತ್ರೆಗೂ ಬಹಳ ಪ್ರಚಾರವಿದೆ. ಅದರ ಕೊರತೆ ಅಪರೂಪ. ಮೇಲಾಗಿ ಅದನ್ನು ಹೆಚ್ಚು ನುಂಗುತ್ತಿದ್ದರೆ ಥೈರಾಯಿಡ್ ರಕ್ತಪರೀಕ್ಷೆಯ ಫಲ ತಪ್ಪಾಗಿ ಬರಬಹುದು. ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಆಶಾ ಕಾರ್ಯಕರ್ತೆಯೊಡನೆ ಮಾತಾಡಲು ಸಂಕೋಚ ಬೇಡ. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ಕಣಜ ಬರಿದಾಗಿರಬಹುದು. ಅದನ್ನು ತಿಳಿಯಲು ಫೆರಿಟಿನ್, ಥೈರಾಯಿಡ್ ತಿಳಿಯಲು ಟಿ.ಎಸ್.ಎಚ್. ಎಂಬ ಪರೀಕ್ಷೆಗಳು ಬೇಕೇ ಎಂದು ವೈದ್ಯರನ್ನು ಕೇಳಿ.

ಅಲ್ಲಿ ಕಾರಣ ತಿಳಿಯದಿದ್ದರೆ ಮಂಗಳೂರಿನ ಹಂಪನಕಟ್ಟೆಯಲ್ಲಿರುವ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋಗಬಹುದು. 1848ರಲ್ಲಿ ಆರಂಭವಾದ ಈ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಮುಟ್ಟಿನ ಮತ್ತು ಹೆರಿಗೆಯ ತೊಂದರೆಗಳಿಗೆ ಅದರ ಸಮೀಪದಲ್ಲೇ ಸರಕಾರಿ ಲೇಡಿಗೋಶನ್ ಆಸ್ಪತ್ರೆಯಿದೆ. ಬೆಳಗ್ಗೆ ಬೇಗ ತಲುಪುವಂತೆ ಹೊರಡಿ. ಹಿಂದಿನ ದಿನದಿಂದ ತಲೆಗೆ ಎಣ್ಣೆ ಹಚ್ಚಬೇಡಿ; ನೆತ್ತಿಯ ಚರ್ಮ ವೈದ್ಯರಿಗೆ ಸ್ಪಷ್ಟವಾಗಿ ಕಾಣಬೇಕು. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಉದುರಲು ಆರಂಭವಾದ ತಿಂಗಳು, ಅದಕ್ಕೆ ಮೊದಲು ಬಂದ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಮುಟ್ಟಿನ ವಿವರ, ಈಗ ತೆಗೆದುಕೊಳ್ಳುವ ಮಾತ್ರೆಗಳು.

ಈ ಲಕ್ಷಣಗಳಿದ್ದರೆ ತಡಮಾಡಬಾರದು: ನೆತ್ತಿಯಲ್ಲಿ ಕೀವು, ಉರಿ, ಅಥವಾ ಹೊಳೆಯುವ ಕಲೆ, ಮಕ್ಕಳ ತಲೆಯಲ್ಲಿ ಹೊಟ್ಟೆದ್ದು ಕೂದಲು ತುಂಡಾಗುವುದು, ಹುಬ್ಬಿನ ಕೂದಲು ಹೋಗಿ ಮೈಯಲ್ಲಿ ಸ್ಪರ್ಶ ತಿಳಿಯದ ಮಚ್ಚೆಯಿರುವುದು. ಕೊನೆಯದು ಕುಷ್ಠದ ಲಕ್ಷಣವಾಗಿರಬಹುದು. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿಯಿದೆ, ಪೂರ್ತಿ ಗುಣವಾಗುತ್ತದೆ.

ಮನೆಯವರ ಕರ್ತವ್ಯ

ಕೂದಲು ತೆಳ್ಳಗಾದ ಹೆಂಗಸನ್ನು ಹಾಸ್ಯ ಮಾಡಬೇಡಿ. ಹುಡುಗಿಗೆ "ಹೀಗಾದರೆ ಯಾರು ಮದುವೆಯಾಗುತ್ತಾರೆ" ಎನ್ನಬೇಡಿ. ಆ ಮಾತಿನಿಂದ ಅವಳು ಕೂದಲನ್ನೂ ಕಾಯಿಲೆಯನ್ನೂ ಒಟ್ಟಿಗೆ ಮುಚ್ಚಿಡುತ್ತಾಳೆ. ಎಣ್ಣೆಗೆ ಕೊಡುವ ಹಣವನ್ನು ಬಸ್ಸಿನ ಖರ್ಚಿಗೆ ಕೊಡಿ. ಅವಳು ಆಸ್ಪತ್ರೆಗೆ ಹೋಗುವ ದಿನ ಹಟ್ಟಿಯ ಕೆಲಸವನ್ನೂ ಅಡಿಗೆಯನ್ನೂ ಉಳಿದವರು ನೋಡಿಕೊಳ್ಳಿ. ಎಲ್ಲಕ್ಕಿಂತ ಮೊದಲು, ಇಂದು ರಾತ್ರಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಊಟ ಮಾಡಿ.

ಮಹಿಳಾ ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಜ್ವರ ಬಂದು ಹೋದ ಎಷ್ಟು ದಿನಗಳ ಬಳಿಕ ಕೂದಲು ಉದುರುತ್ತದೆ? ಏಕೆ?
2. ಬೇರಿನಿಂದ ಬಂದ ಕೂದಲನ್ನೂ ಮುರಿದ ಕೂದಲನ್ನೂ ಹೇಗೆ ಗುರುತಿಸುವಿರಿ?
3. ನಿಮ್ಮ ಹಿತ್ತಿಲಲ್ಲಿ ಸಿಗುವ, ರಕ್ತ ಹೆಚ್ಚಿಸುವ ಐದು ಆಹಾರಗಳನ್ನು ಹೇಳಿರಿ.
4. ಕಳೆದ ಒಂದು ವರ್ಷದಲ್ಲಿ ನಿಮ್ಮ ಹಿಮೋಗ್ಲೋಬಿನ್ ಪರೀಕ್ಷೆ ಆಗಿದೆಯೇ? ಆಗದವರು ಎಷ್ಟು ಮಂದಿ? ಅವರೆಲ್ಲರೂ ಒಟ್ಟಾಗಿ ಆರೋಗ್ಯ ಕೇಂದ್ರಕ್ಕೆ ಹೋಗುವ ದಿನವನ್ನು ಈ ಸಭೆಯಲ್ಲಿಯೇ ಗೊತ್ತುಮಾಡಿರಿ.